ದಾನ, ದಾಸೋಹ ಮತ್ತು ಸಮಾಜ

(ಶ್ರಾವಣ ಮಾಸದ ಪ್ರವಚನ ಮಾಲೆಯಲ್ಲಿ ಶ್ರೀಮಠದ ದಾಸೋಹ ಮಂಟಪದಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಶ್ರಾವಣ ಬಂತೆಂದರೆ ಮಠದ ಉಗ್ರಾಣಕ್ಕೆ ಜೋಳದ ಚೀಲ ಬರುತ್ತವೆ, ಬೆಲ್ಲ ಬರುತ್ತದೆ, ಬೇಳೆ ಬರುತ್ತದೆ. ಹೊಲದಿಂದ ನೇರವಾಗಿ ಕಾಯಿಪಲ್ಯೆ ಹೊತ್ತು ತರುವ ತಾಯಂದಿರಿದ್ದಾರೆ. ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ಅದು ಮನೆಯ ಹೊಸ್ತಿಲಷ್ಟು ಹಳೆಯದು. ಆದರೆ ದಿನವೂ ದಾಟುವ ಹೊಸ್ತಿಲನ್ನು ನಾವು ನೋಡುವುದು ಕಡಿಮೆ. ಹಾಗೆಯೇ ದಿನವೂ ಕೊಡುವ ನಾವು ಕೊಡುವುದೆಂದರೇನು ಎಂದು ವಿಚಾರ ಮಾಡುವುದೂ ಕಡಿಮೆ. ಇಂದು ಆ ವಿಚಾರವನ್ನೇ ಎತ್ತಿಕೊಳ್ಳೋಣ.

ಓದಿದ ತರುಣರು ಇತ್ತೀಚೆಗೆ ಒಂದು ಪ್ರಶ್ನೆ ಕೇಳುತ್ತಾರೆ. "ಬುದ್ಧೀ, ನಿಃಸ್ವಾರ್ಥವಾದ ದಾನವೆಂಬುದು ನಿಜವಾಗಿ ಇದೆಯೇ? ಒಬ್ಬನು ಪುಣ್ಯಕ್ಕಾಗಿ ಕೊಡುತ್ತಾನೆ. ಇನ್ನೊಬ್ಬನು ಹೆಸರಿಗಾಗಿ ಕೊಡುತ್ತಾನೆ. ಎರಡೂ ಬೇಡ ಎನ್ನುವವನು ಮನಸ್ಸಿನ ಸಮಾಧಾನಕ್ಕಾಗಿ ಕೊಡುತ್ತಾನೆ. ಸಮಾಧಾನವೂ ಒಂದು ಲಾಭವೇ ಅಲ್ಲವೇ? ಹಾಗಾದರೆ ದಾನವೂ ಒಂದು ವ್ಯಾಪಾರವೇ ಆಯಿತಲ್ಲ?" ಇದು ಕುಚೋದ್ಯದ ಪ್ರಶ್ನೆಯಲ್ಲ. ಇದನ್ನು ಗದರಿಸಿ ಕೂರಿಸಬಾರದು. ಏಕೆಂದರೆ ನಮ್ಮ ಹಿರಿಯರು ಈ ಪ್ರಶ್ನೆಯನ್ನು ಇವರಿಗಿಂತ ಮೊದಲೇ, ಇವರಿಗಿಂತ ಕಟುವಾಗಿಯೇ ಕೇಳಿದ್ದಾರೆ.

ಕಠೋಪನಿಷತ್ತು ಪ್ರಾರಂಭವಾಗುವುದೇ ಒಂದು ಕೆಟ್ಟ ದಾನದಿಂದ. ನಚಿಕೇತನ ತಂದೆ ಯಾಗ ಮಾಡಿ ಗೋವುಗಳನ್ನು ದಾನ ಕೊಡುತ್ತಾನೆ. ಎಂಥ ಗೋವುಗಳು? ಹಾಲು ಬತ್ತಿದವು, ಮೇಯುವ ಶಕ್ತಿ ಉಡುಗಿದವು. ತನ್ನ ಮನೆಗೆ ಭಾರವಾದದ್ದನ್ನು ಹೊರಗೆ ಸಾಗಿಸಿ ಸ್ವರ್ಗಕ್ಕೆ ದಾರಿ ಮಾಡಿಕೊಳ್ಳುವ ಯೋಚನೆ. ಅದನ್ನು ಕಂಡು ಸಂಕಟಪಟ್ಟವನು ಹಿರಿಯನಲ್ಲ, ಒಬ್ಬ ಬಾಲಕ. ಈ ಕಥೆ ಹಳೆಯದಾಯಿತೆಂದು ತಿಳಿಯಬೇಡಿ. ಪ್ರವಾಹ ಬಂದ ಊರಿಗೆ ಹರಿದ ಬಟ್ಟೆಯ ಗಂಟು ಕಳಿಸುವವರು, ಹಳಸುವ ಹೊತ್ತಿಗೆ ಭಿಕ್ಷುಕನನ್ನು ನೆನೆಸಿಕೊಳ್ಳುವವರು ಇಂದಿಗೂ ಅದೇ ಗೋದಾನವನ್ನೇ ಮಾಡುತ್ತಿದ್ದಾರೆ.

ಮಹಾಭಾರತದ ಕರ್ಣನನ್ನು ನಾವು ದಾನಶೂರನೆಂದು ಹೊಗಳುತ್ತೇವೆ. ಹೊಗಳಬೇಕಾದದ್ದೇ. ಆದರೆ ವನಪರ್ವದಲ್ಲಿ ಅವನು ತನ್ನ ಸಹಜ ಕವಚ ಕುಂಡಲಗಳನ್ನು ಕಿತ್ತು ಕೊಡುವಾಗ ಇಂದ್ರನಿಂದ ಶಕ್ತ್ಯಾಯುಧವನ್ನು ಕೇಳಿ ಪಡೆಯುತ್ತಾನೆ. ಅಷ್ಟು ದೊಡ್ಡ ಕೈಯಿಂದಲೂ ಒಂದು ವಿನಿಮಯ ನಡೆದುಹೋಯಿತು. ಭಗವದ್ಗೀತೆಯಂತೂ ದಾನವನ್ನು ಸಾತ್ತ್ವಿಕ, ರಾಜಸ, ತಾಮಸವೆಂದು ಮೂರಾಗಿ ವಿಂಗಡಿಸಿ, ಪ್ರತಿಫಲದ ಮೇಲೆ ಕಣ್ಣಿಟ್ಟ ದಾನವನ್ನು ಎರಡನೆಯ ಸಾಲಿಗೆ ಇಳಿಸಿಬಿಟ್ಟಿದೆ. ಎಲ್ಲಕ್ಕಿಂತ ಆಳಕ್ಕೆ ಇಳಿದವರು ಯಾಜ್ಞವಲ್ಕ್ಯರು. ಬೃಹದಾರಣ್ಯಕದಲ್ಲಿ ಮೈತ್ರೇಯಿಗೆ ಅವರು ಹೇಳುವ ತತ್ತ್ವ ಇದು: ಗಂಡನಾಗಲಿ, ಹೆಂಡತಿಯಾಗಲಿ, ಮಕ್ಕಳಾಗಲಿ, ಸಂಪತ್ತಾಗಲಿ ನಮಗೆ ಪ್ರಿಯವಾಗುವುದು ಆತ್ಮನ ನಿಮಿತ್ತವಾಗಿಯೇ. ಮೇಲುಮೇಲೆ ಕೇಳಿದರೆ ಇದು ನಮ್ಮ ತರುಣರ ಮಾತೇ ಆಯಿತು. ಎಲ್ಲವೂ ತನಗಾಗಿಯೇ!

ಆದರೆ ಬಂಧುಗಳೇ, ಇಲ್ಲಿ ಒಂದು ಸೂಕ್ಷ್ಮವಿದೆ. ಯಾಜ್ಞವಲ್ಕ್ಯರು ಹೇಳುವ 'ತಾನು' ಯಾವುದು? ಮೂರೂವರೆ ಮೊಳದ ಈ ದೇಹವೇ? ಬ್ಯಾಂಕಿನ ಪಾಸ್‌ಬುಕ್ಕಿನ ಮೇಲೆ ಬರೆದ ಹೆಸರೇ? ಅಲ್ಲ. ಅದು ನಿಮ್ಮಲ್ಲಿಯೂ ನಮ್ಮಲ್ಲಿಯೂ ಒಂದೇ ಆಗಿ ಬೆಳಗುವ ಚೈತನ್ಯ. ತಾಯಿ ತಾನು ಉಣ್ಣದೆ ಮಗುವಿಗೆ ಉಣಿಸುತ್ತಾಳೆ. ಅವಳು ತನಗಾಗಿ ಉಣಿಸಿದಳೋ, ಮಗುವಿಗಾಗಿ ಉಣಿಸಿದಳೋ? ಆ ಪ್ರಶ್ನೆಯೇ ಅಲ್ಲಿ ನಿಲ್ಲುವುದಿಲ್ಲ. ಅವಳ 'ತಾನು' ಮಗುವಿನವರೆಗೂ ಹಬ್ಬಿದೆ. ಆದ್ದರಿಂದ ಪ್ರಶ್ನೆಯನ್ನು ಹೀಗೆ ತಿದ್ದಿ ಕೇಳಬೇಕು: ನಿನ್ನ 'ತಾನು' ಎಷ್ಟು ದೊಡ್ಡದು? ಅದು ನಿನ್ನ ಚರ್ಮದ ಗಡಿಯಲ್ಲಿ ನಿಂತಿದೆಯೋ, ಮನೆಯ ಗೋಡೆಯಲ್ಲಿ ನಿಂತಿದೆಯೋ, ಓಣಿಯವರೆಗೆ ಬಂದಿದೆಯೋ, ಊರಿನವರೆಗೆ ಹರಿದಿದೆಯೋ?

ಇನ್ನು ಕೊಟ್ಟವನಿಗೆ ಆನಂದವಾಗುತ್ತದೆ, ಆದ್ದರಿಂದ ಅದು ಸ್ವಾರ್ಥ ಎಂಬ ವಾದ. ನಮ್ಮ ಶಾಸ್ತ್ರಕಾರರು ಮುಖ್ಯ ಫಲ, ಆನುಷಂಗಿಕ ಫಲ ಎಂದು ಎರಡು ಹೇಳುತ್ತಾರೆ. ಆಪಸ್ತಂಬರು ಇದಕ್ಕೆ ಮಾವಿನ ಗಿಡದ ದೃಷ್ಟಾಂತ ಕೊಟ್ಟಿದ್ದಾರೆ: ಹಣ್ಣಿಗಾಗಿ ನೆಟ್ಟ ಗಿಡ ನೆರಳನ್ನೂ ಕಂಪನ್ನೂ ತಾನಾಗಿ ಕೊಡುತ್ತದೆ. ನಿಮ್ಮ ಅನುಭವದಿಂದಲೇ ಇನ್ನೊಂದು ಹೇಳುತ್ತೇವೆ. ಎತ್ತು ನಡೆದರೆ ಕೊರಳಿನ ಗಂಟೆ ಸದ್ದು ಮಾಡುತ್ತದೆ. ಸದ್ದು ಮಾಡಬೇಕೆಂದು ಎತ್ತು ನಡೆಯುತ್ತದೆಯೇ? ಇಲ್ಲ. ಕೊಟ್ಟಾಗ ಆಗುವ ಸಂತೋಷ ಆ ಗಂಟೆಯ ಸದ್ದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಿಚಾರ ಮಾಡಿರಿ. ಹಸಿದವನು ಉಂಡದ್ದನ್ನು ಕಂಡು ನಿಮಗೆ ಸಂತೋಷ ಏಕೆ ಆಯಿತು? ಅವನ ಹಸಿವು ನಿಮಗೆ ಮೊದಲೇ ತಟ್ಟಿದ್ದರಿಂದ ಆಯಿತು. ತಟ್ಟದವನಿಗೆ ಆ ಸಂತೋಷವೇ ಇಲ್ಲ. ಅಂದಮೇಲೆ ಆ ಸಂತೋಷವು ಸ್ವಾರ್ಥದ ಗುರುತಾಗುವುದಿಲ್ಲ, ಅಂತಃಕರಣದ ಗುರುತಾಗುತ್ತದೆ.

ಹಾಗಾದರೆ ನಮ್ಮ ದಾನವೆಲ್ಲ ಶುದ್ಧವೇ ಎಂದು ಬೆನ್ನು ತಟ್ಟಿಕೊಳ್ಳಬೇಡಿ. ಗಂಟೆಯ ಸದ್ದಿಗಾಗಿಯೇ ನಡೆಯುವ ಎತ್ತುಗಳೂ ಮನುಷ್ಯರಲ್ಲಿ ಉಂಟು. ಅದಕ್ಕೆ ಪರೀಕ್ಷೆ ಬೇಕು. ಕಲ್ಲಿನ ಮೇಲೆ ಹೆಸರು ಕೆತ್ತದಿದ್ದರೆ ಇಷ್ಟೇ ಕೊಡುತ್ತಿದ್ದೆನೇ? ಪಡೆದವನು ನಾಳೆ ಎದುರಿಗೆ ಸಿಕ್ಕು ಕೈಮುಗಿಯದೆ ಹೋದರೆ ನನ್ನ ಮುಖ ಕಪ್ಪಾಗುತ್ತದೆಯೇ? ನಾನು ಮಾಡಬೇಕೆಂದಿದ್ದ ಕಾರ್ಯವನ್ನು ಇನ್ನೊಬ್ಬನು ಮೊದಲೇ ಮಾಡಿ ಮುಗಿಸಿದರೆ ನನಗೆ ಸಂತೋಷವಾಗುತ್ತದೆಯೋ, ಹೊಟ್ಟೆ ಉರಿಯುತ್ತದೆಯೋ? ಈ ಮೂರು ಪ್ರಶ್ನೆ ಸಾಕು. ಆದರೆ ನೆನಪಿಡಿ, ಇವು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು. ಇನ್ನೊಬ್ಬನ ದಾನವನ್ನು ತೂಗುವ ತಕ್ಕಡಿಯಲ್ಲ. ತಾನು ಒಂದು ಕಾಸೂ ಕೊಡದೆ, ಕೊಟ್ಟವನ ಮನಸ್ಸನ್ನು ಬಗೆದು ನೋಡುವುದು ಜಾಣತನವೂ ಅಲ್ಲ, ಧರ್ಮವೂ ಅಲ್ಲ.

ಇನ್ನೊಂದು ಮಾತು. ಮನಸ್ಸು ಪೂರ್ತಿ ಶುದ್ಧವಾದ ಮೇಲೆ ಕೊಡುತ್ತೇನೆ ಎಂದು ಕಾಯುವವರಿದ್ದಾರೆ. ಹಸಿದವನ ಹೊಟ್ಟೆ ನಿಮ್ಮ ಚಿತ್ತಶುದ್ಧಿಗಾಗಿ ಕಾಯುತ್ತದೆಯೇ? ಸ್ವಲ್ಪ ಅಹಂಕಾರ ಬೆರೆತ ಕೈಯಿಂದ ಬಡಿಸಿದರೂ ಅನ್ನ ಅನ್ನವೇ, ಅದು ಹಸಿವನ್ನು ಇಂಗಿಸುತ್ತದೆ. ಪಾತ್ರೆ ಬೆಳಗುವುದು ಉಜ್ಜುವುದರಿಂದ, ಬೆಳಗಿದ ಮೇಲೆ ಉಜ್ಜುತ್ತೇನೆ ಎನ್ನುವುದರಿಂದಲ್ಲ. ಕೊಡುತ್ತ ಕೊಡುತ್ತ ಮನಸ್ಸು ತಿಳಿಯಾಗುತ್ತದೆ. ತೈತ್ತಿರೀಯ ಉಪನಿಷತ್ತಿನ ಗುರು, ವಿದ್ಯೆ ಮುಗಿಸಿ ಹೊರಟ ಶಿಷ್ಯನಿಗೆ ದಾನದ ವಿಷಯ ಹೇಳುವಾಗ ಶ್ರದ್ಧೆಯ ಜೊತೆಗೆ ಲಜ್ಜೆಯನ್ನೂ ಭಯವನ್ನೂ ಸೇರಿಸಿದ್ದಾರೆ. ಕೊಡುವವನಿಗೆ ನಾಚಿಕೆ ಏಕೆ? ಇಷ್ಟೇ ಕೊಡಲು ಸಾಧ್ಯವಾಯಿತಲ್ಲ ಎಂದು. ಭಯ ಏಕೆ? ಎಲ್ಲಿ ಅಹಂಕಾರ ತಲೆಯೆತ್ತೀತೋ ಎಂದು.

ಇಲ್ಲಿಯವರೆಗೆ ದಾನದ ಮಾತಾಯಿತು. ಬಸವಾದಿ ಶರಣರು ಇದನ್ನು ದಾಟಿ ಮುಂದೆ ಹೋದರು. ದಾನ ಎಂದರೆ ಅಲ್ಲಿ ಕೊಡುವವನೊಬ್ಬ, ಬೇಡುವವನೊಬ್ಬ. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ಶರಣರು ಈ ಮೇಲು ಕೆಳಗುಗಳನ್ನೇ ಅಳಿಸಿಹಾಕಲು ದಾಸೋಹವನ್ನು ತಂದರು. ದಾಸೋಹಂ, ನಾನು ದಾಸನು. ಕೊಡುವವನೇ ಇಲ್ಲಿ ಸೇವಕ. ಸ್ವೀಕರಿಸುವ ಜಂಗಮನೇ ಒಡೆಯ. ಮೇಲಾಗಿ, ಕೊಟ್ಟ ಪದಾರ್ಥವಾದರೂ ಯಾರದು? ಮಳೆ ನಿಮ್ಮದಲ್ಲ, ಮಣ್ಣು ನಿಮ್ಮದಲ್ಲ, ಬೀಜ ನಿಮ್ಮ ಅಜ್ಜನ ಅಜ್ಜ ಕಾಯ್ದಿಟ್ಟದ್ದು. ನಿಮ್ಮ ಬೆವರು ಕೂಡಿತು, ನಿಜ; ಆ ಬೆವರು ಸುರಿಸುವ ಕಸುವು ಎಲ್ಲಿಂದ ಬಂತು? ಆದ್ದರಿಂದ ದಾಸೋಹದಲ್ಲಿ ಕೊಡುವುದೆಂಬುದು ಇಲ್ಲ, ಒಪ್ಪಿಸುವುದು ಮಾತ್ರ ಇದೆ. ಇಟ್ಟುಕೊಳ್ಳಲು ಕೊಟ್ಟಿದ್ದನ್ನು ಒಡೆಯನಿಗೆ ಹಿಂದಿರುಗಿಸಿದವನು ನಾನು ದಾನಿ ಎಂದು ಮೀಸೆ ತಿರುವಿದರೆ ಜನ ನಗುತ್ತಾರೆ.

ಈ ಮರ್ಮವನ್ನು ನಮಗೆ ತಿಳಿಸಿಕೊಟ್ಟವಳು ಒಬ್ಬ ಬಡ ತಾಯಿ, ಆಯ್ದಕ್ಕಿ ಲಕ್ಕಮ್ಮ. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ದಂಪತಿಗಳು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಯಾವ ಹೆಂಡತಿಯಾದರೂ ಸಂತೋಷಪಟ್ಟಾಳು. ಲಕ್ಕಮ್ಮ ಪಡಲಿಲ್ಲ. ನಿತ್ಯದ ನೇಮಕ್ಕಿಂತ ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಗಂಡನನ್ನು ಹಿಂದಕ್ಕೆ ಕಳಿಸಿದಳು. ಆ ಅಕ್ಕಿ ತಮ್ಮ ಹೊಟ್ಟೆಗಷ್ಟೇ ಅಲ್ಲ, ಜಂಗಮ ದಾಸೋಹಕ್ಕೂ ಹೋಗತಕ್ಕದ್ದು. ದಾಸೋಹಕ್ಕಾಗಿಯೇ ಆದರೂ ಆಸೆಯಿಂದ ತಂದದ್ದು ಬೇಡ ಎಂಬುದು ಅವಳ ನಿಲುವು. ನೋಡಿರಿ, ಪಡೆಯುವ ಆಸೆಯನ್ನು ಎಲ್ಲರೂ ಬಲ್ಲರು. ಕೊಡುವುದರಲ್ಲಿಯೂ ಒಂದು ಆಸೆ ಇದೆ ಎಂಬುದನ್ನು ಕಂಡವಳು ಲಕ್ಕಮ್ಮ. ಅನ್ಯಾಯದಿಂದ ಗಳಿಸಿ ಧಾರಾಳವಾಗಿ ಕೊಡುವವನಿಗೂ, ಕೂಲಿಕಾರರ ಕೂಲಿ ಮುರಿದು ಮಠಕ್ಕೆ ಮಹಾದ್ವಾರ ಕಟ್ಟಿಸುವವನಿಗೂ ಈ ತಾಯಿ ಎದುರು ನಿಲ್ಲುವ ಯೋಗ್ಯತೆ ಇಲ್ಲ. ಮೊದಲು ಸತ್ಯಶುದ್ಧ ಕಾಯಕ, ಆಮೇಲೆ ದಾಸೋಹ.

ಈಗ ಎರಡನೆಯ ವಿಷಯಕ್ಕೆ ಬರೋಣ. ಇದಕ್ಕೆಲ್ಲ ಸಮಾಜ ಏಕೆ ಬೇಕು? ನಾನು ನನ್ನ ಮನೆಯಲ್ಲಿಯೇ ಕುಳಿತು, ಯೋಗ್ಯರಾದವರನ್ನು ಹುಡುಕಿ, ಮೊಬೈಲಿನಲ್ಲಿ ಹಣ ಕಳಿಸಿದರೆ ಸಾಲದೇ? ಅದೂ ಒಳ್ಳೆಯದೇ, ಬೇಡವೆನ್ನುವುದಿಲ್ಲ. ಆದರೆ ಸಾಲದು. ಏಕೆ ಸಾಲದೆಂಬುದಕ್ಕೆ ಒಂದು ಪ್ರತ್ಯಕ್ಷ ಉದಾಹರಣೆ ಹೇಳುತ್ತೇವೆ, ಸಾವಧಾನವಾಗಿ ಕೇಳಿರಿ.

ಥಲಸ್ಸೀಮಿಯಾ ಎಂಬ ರೋಗವಿದೆ. ಅದರ ತೀವ್ರ ಸ್ವರೂಪದೊಡನೆ ಹುಟ್ಟಿದ ಮಗುವಿನ ದೇಹದಲ್ಲಿ ಸಾಕಷ್ಟು ಒಳ್ಳೆಯ ರಕ್ತ ತಯಾರಾಗುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತವನ್ನು ಕೊಡಬೇಕು. ಅಂದರೆ ವರ್ಷಕ್ಕೆ 13ರಿಂದ 17 ಬಾರಿ, ವರ್ಷ ವರ್ಷವೂ. ತಂದೆಗೆ ಮಗುವಿನ ಮೇಲೆ ಎಷ್ಟು ಪ್ರೀತಿ ಇದ್ದರೂ, ಅವನ ರಕ್ತ ಹೊಂದಿಕೆಯಾದರೂ ಅವನು ಕೊಡಬಹುದಾದದ್ದೆಷ್ಟು? ಒಂದು ಬಾರಿಗೆ 350 ಮಿಲಿಲೀಟರ್, ಹೆಚ್ಚು ತೂಕದವರಾದರೆ 450. ಒಮ್ಮೆ ಕೊಟ್ಟರೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ವರ್ಷಕ್ಕೆ ನಾಲ್ಕು ಬಾರಿ ಮಾತ್ರ. ಕೋಟ್ಯಧೀಶನಾದರೂ ಅಷ್ಟೇ, ಕೂಲಿಯವನಾದರೂ ಅಷ್ಟೇ. ಕರ್ಣನೇ ಮತ್ತೆ ಹುಟ್ಟಿ ಬಂದರೂ ವರ್ಷಕ್ಕೆ ನಾಲ್ಕೇ ಬಾರಿ! ಹೋಗಲಿ, ಒಮ್ಮೆಲೇ ಕೂಡಿಹಾಕಿ ಇಡೋಣವೆಂದರೆ ಕೆಂಪು ರಕ್ತಕಣ ತಂಪಿನಲ್ಲಿಟ್ಟರೂ 35ರಿಂದ 42 ದಿನ ಮಾತ್ರ ತಾಳುತ್ತದೆ. ಹಗೇವಿನಲ್ಲಿ ಜೋಳ ತುಂಬಿಟ್ಟಂತೆ ತುಂಬಿಡಲು ಬರುವುದಿಲ್ಲ. ಹಾಗಾದರೆ ಆ ಮಗು ಬದುಕಿರುವುದು ಯಾರಿಂದ? ಮುಖ ನೋಡದ, ಹೆಸರು ಕೇಳದ ಹತ್ತಾರು ಜನರಿಂದ. ಒಬ್ಬರು ಕೊಟ್ಟು ಹೋದಮೇಲೆ ಇನ್ನೊಬ್ಬರು ಬರುತ್ತಲೇ ಇರಬೇಕು. ಒಬ್ಬ ಮಹಾದಾನಿಯಿಂದ ಆಗದ ಕಾರ್ಯ ಸಾಧಾರಣ ಜನರ ಸರತಿಯಿಂದ ಆಗುತ್ತದೆ. ಸಮಾಜವೆಂದರೆ ಆ ಸರತಿ.

ಇದೇ ವಿಷಯದಲ್ಲಿ ಇನ್ನೊಂದು ಪಾಠವೂ ಇದೆ. ರಿಚರ್ಡ್ ಟಿಟ್ಮಸ್ ಎಂಬ ಇಂಗ್ಲೆಂಡಿನ ವಿದ್ವಾಂಸರು 1970ರಲ್ಲಿ ರಕ್ತದಾನದ ಮೇಲೆ ಒಂದು ಗ್ರಂಥ ಬರೆದರು. ಬ್ರಿಟನ್ನಿನಲ್ಲಿ ಜನರು ಉಚಿತವಾಗಿ ರಕ್ತ ಕೊಡುತ್ತಿದ್ದರು; ಅಮೆರಿಕದಲ್ಲಿ ರಕ್ತವನ್ನು ಹಣ ಕೊಟ್ಟು ಕೊಳ್ಳುವ ಪದ್ಧತಿಯೂ ಇತ್ತು. ಹಣಕ್ಕೆ ಕೊಟ್ಟ ರಕ್ತದಲ್ಲಿ ರೋಗದ ಸೋಂಕು ಹೆಚ್ಚೆಂದು ಅವರು ತೋರಿಸಿದರು. ಮಾರುವವನು ತನ್ನ ರೋಗವನ್ನು ಮುಚ್ಚಿಡುತ್ತಾನೆ. ಸುಮ್ಮನೆ ಕೊಡುವವನಿಗೆ ಮುಚ್ಚಿಡುವ ಕಾರಣವೇ ಇಲ್ಲ. ನಮ್ಮ ದೇಶದಲ್ಲಿಯೂ ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ 1998ರ ಜನವರಿ 1ರಿಂದ ರಕ್ತ ಮಾರಾಟಗಾರರಿಂದ ರಕ್ತ ಪಡೆಯುವುದು ನಿಂತಿತು. ನಿಃಸ್ವಾರ್ಥತೆ ಇದೆಯೋ ಇಲ್ಲವೋ ಎಂದು ನಾವು ವಾದ ಮಾಡುತ್ತ ಕುಳಿತಿದ್ದೇವೆ; ಕೊಟ್ಟ ವಸ್ತುವಿನ ಶುದ್ಧಿಯಲ್ಲಿಯೇ ಅದರ ಗುರುತು ಸಿಗುತ್ತಿದೆ. ಲಕ್ಕಮ್ಮ ತಾಯಿ ಅಕ್ಕಿಯಲ್ಲಿ ಕಂಡದ್ದನ್ನು ಈ ವಿದ್ವಾಂಸರು ರಕ್ತದಲ್ಲಿ ಕಂಡರು.

ಸಮಾಜ ಬೇಕೆಂಬುದಕ್ಕೆ ಇನ್ನೂ ಒಂದು ಕಾರಣ. ಒಂಟಿಯಾಗಿ ಕೊಟ್ಟರೆ 'ನಾನು ಕೊಟ್ಟೆ' ಎಂಬುದು ಉಳಿಯುತ್ತದೆ. ಕೂಡಿ ಕೊಟ್ಟರೆ ಅದು ಕರಗುತ್ತದೆ. ದಿನಾಲು ಒಲೆ ಹೊತ್ತಿಸುವ ಮುಂಚೆ ಒಂದು ಹಿಡಿ ಅಕ್ಕಿಯನ್ನೋ ಜೋಳವನ್ನೋ ತೆಗೆದಿಟ್ಟು ಮಠದ ಜೋಳಿಗೆಗೆ ಹಾಕುವ ಪದ್ಧತಿ ನಮ್ಮ ಮನೆಗಳಲ್ಲಿತ್ತು. ಎಲ್ಲ ಮನೆಗಳ ಹಿಡಿ ಒಂದೇ ಹಂಡೆಯಲ್ಲಿ ಬೆಂದಮೇಲೆ ಗೌಡರ ಅಕ್ಕಿ ಯಾವುದು, ಗೊಲ್ಲರ ಮುದುಕಿಯ ಅಕ್ಕಿ ಯಾವುದು? ಕಂಡುಹಿಡಿಯಿರಿ ನೋಡೋಣ! ಅಹಂಕಾರವನ್ನು ಕೊಲ್ಲಲು ಋಷಿಗಳು ಕಾಡಿಗೆ ಹೋದರು. ನಮ್ಮ ತಾಯಂದಿರು ಅದನ್ನು ಅನ್ನದ ಹಂಡೆಯಲ್ಲಿ ಹಾಕಿ ಬೇಯಿಸಿಬಿಟ್ಟರು.

ದೊಡ್ಡ ದಾನಕ್ಕೂ ಸಮಾಜವೇ ಜೀವ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1904ರಲ್ಲಿ ಧಾರವಾಡದಲ್ಲಿ ಸೇರಿದ ಮೊದಲ ವೀರಶೈವ ಮಹಾಸಭೆಯ ಅಧ್ಯಕ್ಷರು. 1906ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ಬರೆದಿಟ್ಟ ಆಸ್ತಿ ತಾನಾಗಿ ಪಾಠ ಹೇಳುತ್ತದೆಯೇ? ಅದಕ್ಕೆ ಗುರುಗಳು ಬೇಕು, ಶಾಲೆ ಬೇಕು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅವರೇನೂ ಸಂಸ್ಥಾನಿಕರಲ್ಲ, ತಮ್ಮ ದುಡಿಮೆಯನ್ನೇ ಕೊಟ್ಟವರು. 1933ರಲ್ಲಿ ಆ ಸಂಸ್ಥೆಯ ಕಾಲೇಜು ಪ್ರಾರಂಭವಾದಾಗ ಅದಕ್ಕೆ ಲಿಂಗರಾಜರ ಹೆಸರನ್ನಿಟ್ಟರು. ದೇಸಾಯಿಯವರ ಆಸ್ತಿ, ಶಿಕ್ಷಕರ ಬೆವರು, ಹಳ್ಳಿಗಳ ವಂತಿಗೆ, ಮಠಗಳ ಪ್ರಸಾದ ನಿಲಯ ಎಲ್ಲವೂ ಕೂಡಿದಾಗ ಒಕ್ಕಲಿಗನ ಮಗ ಅಕ್ಷರ ಕಂಡನು.

ತುಮಕೂರಿನ ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಮಹಾಸ್ವಾಮಿಗಳು ಜಾತಿ ಕೇಳದೆ ಸಾವಿರ ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಮಕ್ಕಳ ಊಟ ಮುಗಿದ ಮೇಲೆಯೇ ಸುದ್ದಿಯನ್ನು ಹೊರಗೆ ತಿಳಿಸಬೇಕೆಂಬುದು ಅವರ ಇಚ್ಛೆಯಾಗಿತ್ತೆಂದು ಅಂದು ಹೇಳಿದರು. ತಮ್ಮ ಮರಣವೂ ಮಕ್ಕಳ ತುತ್ತಿಗೆ ಅಡ್ಡ ಬರಬಾರದು! ನಿಃಸ್ವಾರ್ಥ ದಾನ ಇದೆಯೇ ಎಂದು ಕೇಳುವ ತರುಣರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟು ಒಂದು ಗಳಿಗೆ ಸುಮ್ಮನೆ ಕುಳಿತುಕೊಳ್ಳಲಿ.

ಸಮಾಜದಲ್ಲಿ ಕೊಡುವವನು, ಪಡೆಯುವವನು ಎಂಬ ಎರಡು ಜಾತಿ ಇಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಉತ್ತರ ಕರ್ನಾಟಕದ ತಾಯಂದಿರು ರೊಟ್ಟಿ ಬಡಿದು, ಚಟ್ನಿಪುಡಿ ಕಟ್ಟಿ ಕಳಿಸಿದರು. ಮರುವರ್ಷ ಅದೇ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಈ ಉತ್ತರದ ಊರುಗಳೇ ನೀರಿನಲ್ಲಿ ನಿಂತವು. ದಕ್ಷಿಣದಿಂದ ಬುತ್ತಿ ಬಂತು. ನಿನ್ನೆಯ ದಾನಿ ಇಂದಿನ ಯಾಚಕ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಕೂಲಿಕಾರರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಯಲ್ಲಿ ನಡೆದಾಗ ನೀರು ಮಜ್ಜಿಗೆ ಹಿಡಿದು ದಾರಿಯಲ್ಲಿ ನಿಂತವರು ಅವರ ನೆಂಟರಲ್ಲ. ಮರಳಿ ಅವರಿಂದ ಏನನ್ನು ಪಡೆಯುವಂತಿತ್ತು?

ಆದರೆ ಸಮಾಜವೆಂಬ ಹೆಸರಿನಲ್ಲಿ ಗೋಡೆ ಕಟ್ಟುವುದೂ ಉಂಟು. ನಮ್ಮವರಿಗೆ ಮಾತ್ರ ಎಂದು ಬಾಗಿಲಲ್ಲಿ ಕುಲ ಕೇಳಿದರೆ ಅದು ದಾಸೋಹವಲ್ಲ, ಬೀಗರ ಊಟ. ಕೊಟ್ಟ ತುತ್ತಿನ ಫೋಟೋ ತೆಗೆದು ಉಂಡವನ ಮುಖವನ್ನು ಊರಿಗೆಲ್ಲ ತೋರಿಸಿದರೆ ಅದು ಅನ್ನವನ್ನು ಕೊಟ್ಟು ಮಾನವನ್ನು ಕಸಿದಂತೆ. ವಂತಿಗೆ ಎತ್ತುವಾಗ ಬಡವನಿಗೆ ನಾಲ್ಕು ಜನರ ಮುಂದೆ ಇಷ್ಟು ಕೊಡಲೇಬೇಕೆಂದು ಒತ್ತಾಯ ಮಾಡಿದರೆ ಅದು ದಾನವಲ್ಲ, ದಂಡ. ಮಠಗಳೂ ಈ ಮಾತನ್ನು ಕೇಳಿಸಿಕೊಳ್ಳಬೇಕು. ದೊಡ್ಡ ಚೀಲ ತಂದವನಿಗೆ ಮುಂದಿನ ಕುರ್ಚಿ, ಹಿಡಿ ತಂದವಳಿಗೆ ಕಂಬದ ಹಿಂದೆ ಜಾಗ ಎಂದಾದರೆ ಲಕ್ಕಮ್ಮನ ಹೆಸರು ಹೇಳುವ ಅಧಿಕಾರ ನಮಗೆ ಉಳಿಯುವುದಿಲ್ಲ.

ಇಂದು ಹಳ್ಳಿಗಳು ಬರಿದಾಗುತ್ತಿವೆ. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ. ತಿಂಗಳು ತಿಂಗಳು ಹಣ ಬರುತ್ತದೆ, ಜ್ವರ ಬಂದಾಗ ಗಂಜಿ ಕಾಸುವ ಕೈ ಇಲ್ಲ. ಹಣ ಇದ್ದೂ ಅನಾಥರಾದ ಮುದುಕರು ಓಣಿ ಓಣಿಯಲ್ಲಿದ್ದಾರೆ. ಅವರಿಗೆ ಬೇಕಾದದ್ದು ದಾನವಲ್ಲ, ಜನ. ಬಾಗಿಲು ತಟ್ಟಿ 'ಉಂಡಿರೇನಜ್ಜಾ' ಎಂದು ಕೇಳುವುದೂ ದಾಸೋಹವೇ. ಹಾಗೆಯೇ ಪಡೆಯುವುದನ್ನೂ ಕಲಿಯಬೇಕು. ನಾನು ಯಾರ ಹಂಗಿನಲ್ಲಿಯೂ ಇಲ್ಲ ಎಂದು ಬಾಗಿಲು ಹಾಕಿಕೊಳ್ಳುವುದು ಸ್ವಾಭಿಮಾನದಂತೆ ಕಂಡರೂ ಒಳಗೆ ಅಹಂಕಾರವೇ. ನೆರೆಯವರು ತಂದ ಗಂಜಿಯನ್ನು ಸಂಕೋಚವಿಲ್ಲದೆ ಕುಡಿದವರು ಅವರಿಗೂ ದಾಸೋಹದ ಭಾಗ್ಯ ಕೊಟ್ಟಂತಾಯಿತು.

ಮಾತು ಸಾಕು. ಈ ಶ್ರಾವಣದಲ್ಲಿ ನಾಲ್ಕು ನೇಮ ಹಿಡಿಯಿರಿ. ದಿನಕ್ಕೊಂದು ಹಿಡಿ ಧಾನ್ಯ ತೆಗೆದಿಡಿ. ತಿಂಗಳಿಗೆ ಒಂದಾದರೂ ಉಪಕಾರವನ್ನು ಮನೆಯವರಿಗೂ ತಿಳಿಯದಂತೆ ಮಾಡಿರಿ. ದಾಸೋಹಕ್ಕೆ ಬಂದಾಗ ಬಡಿಸುವ ಸೌಟಿಗಿಂತ ಮೊದಲು ತೊಳೆಯುವ ಪಾತ್ರೆಯನ್ನು ಹಿಡಿಯಿರಿ. ಬಡಿಸುವವನನ್ನು ಎಲ್ಲರೂ ನೋಡುತ್ತಾರೆ, ತೊಳೆಯುವವನನ್ನು ಲಿಂಗಯ್ಯ ಮಾತ್ರ ನೋಡುತ್ತಾನೆ. ಹದಿನೆಂಟು ತುಂಬಿದ, ಆರೋಗ್ಯವಂತರಾದ ತರುಣ ತರುಣಿಯರು ವೈದ್ಯರ ಒಪ್ಪಿಗೆಯಂತೆ ರಕ್ತ ಕೊಡುವ ಸರತಿಯಲ್ಲಿ ನಿಲ್ಲಿರಿ. ನಿಃಸ್ವಾರ್ಥತೆ ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರ ಗ್ರಂಥದಲ್ಲಿ ಸಿಕ್ಕದಿದ್ದರೂ ಆ ಸರತಿಯಲ್ಲಿ ನಿಂತಾಗ ಸಿಕ್ಕೀತು.

ನಿಮ್ಮ ಕೈಗಳು ಕಾಯಕದಲ್ಲಿ ಗಟ್ಟಿಯಾಗಲಿ, ದಾಸೋಹದಲ್ಲಿ ಮೆತ್ತಗಾಗಲಿ. ನಿಮ್ಮ 'ತಾನು' ದಿನದಿಂದ ದಿನಕ್ಕೆ ಹಬ್ಬಿ ಊರಾಗಲಿ, ನಾಡಾಗಲಿ ಎಂದು ಹಾರೈಸಿ ನಮ್ಮ ಮಾತುಗಳಿಗೆ ವಿರಾಮ ಕೊಡುತ್ತೇವೆ. ಸರ್ವರಿಗೂ ಸನ್ಮಂಗಳವಾಗಲಿ.